ಮೂವತ್ತು ವರ್ಷದ ಕುರಿ

ಚಳ್ಳಕೆರೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ತಂಡ ಕಟ್ಟಿ ತರಬೇತಿ ಕೊಡಲು ಹೋಗಿದ್ದೆ. ಆರು ಜನರನ್ನು ಆರಿಸಿ, ಕುರಿ ಮಾರುವ ಆ್ಯಪೊಂದನ್ನು ಅವರ ಕೈಗಿಟ್ಟು, 'ನಾನೇ ಮಾಡಿದ್ದು, ತಪ್ಪು ಹುಡುಕಿ' ಅಂದೆ. ಬೇಕಂತಲೇ ಅದರಲ್ಲಿ ಹತ್ತು ತಪ್ಪು ಬಿಟ್ಟಿದ್ದೆ. ಮೂರು ದಿನವಾದರೂ ಆರೂ ಜನರದ್ದು ಒಂದೇ ಮಾತು: 'ಚೆನ್ನಾಗೈತೆ ಸರ್.' ಇವರನ್ನು ಕಳಿಸಿ ಬೇರೆಯವರನ್ನು ನೋಡುವುದೇ ಸರಿ ಅನ್ನಿಸಿತು.

ಆ ಸಂಜೆ, ಆರು ಜನರಲ್ಲಿ ಒಬ್ಬಳಾದ ಶಬಾನಾ, ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರ ಮಗಳು, ಬಾಗಿಲಲ್ಲಿ ನಿಂತು ಕೇಳಿದಳು. 'ಸರ್, ಇದು ನಿಜವಾಗ್ಲೂ ನೀವೇ ಮಾಡಿದ್ದಾ?'

ಯಾಕೋ ಸುಳ್ಳು ಹೇಳಿದೆ. 'ಇಲ್ಲಮ್ಮ, ಬೇರೆ ಯಾರೋ.'

'ಮೊದ್ಲೇ ಹೇಳ್ಬಾರ್ದಾ ಸರ್! ಕುರಿಗೆ ಮೂವತ್ತು ವರ್ಷ ಅಂತ ಹಾಕಿದ್ರೂ ತಗಳ್ತೈತೆ. ಟಗರು ಎಷ್ಟು ಮರಿ ಹಾಕೈತೆ ಅಂತ ಕೇಳ್ತೈತೆ.'

'ಮತ್ತೆ ಮೂರು ದಿನ ಯಾಕೆ ಸುಮ್ಮನಿದ್ರಿ?'

'ಊಟಕ್ಕೆ ಕರೆದೋರ ಎದುರಿಗೇ ಸಾರಿಗೆ ಉಪ್ಪಿಲ್ಲ ಅಂತಾರೇನ್ರೀ ಸರ್?'

ಮರುದಿನ ಮಧ್ಯಾಹ್ನದೊಳಗೆ ಹದಿನೇಳು ತಪ್ಪು ಬಂದವು. ನಾನು ಬೇಕಂತ ಬಿಟ್ಟಿದ್ದು ಹತ್ತೇ. ಯಾರನ್ನೂ ಕಳಿಸಲಿಲ್ಲ.

ತರಬೇತಿಯ ಕೊನೆಯ ದಿನ ಎಲ್ಲರಿಗೂ ಚೀಟಿ ಕೊಟ್ಟು, ನನ್ನ ಪಾಠ ಹೇಗಿದೆ ಅಂತ ಬರೆಯಲು ಹೇಳಿದೆ. ಆರೂ ಚೀಟಿಯಲ್ಲಿ ಒಂದೇ ಸಾಲಿತ್ತು: 'ಚೆನ್ನಾಗೈತೆ ಸರ್.'