ಶೀತವಾದ ದಿನ ವಾರ್ಡಿಗೆ ಹೋಗದಿದ್ದದ್ದು

ಎಂಬತ್ತರ ದಶಕದಲ್ಲಿ ನಾನು ಕೆ.ಜಿ.ಎಫ್.ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಊರಿಗೆಲ್ಲ ಫ್ಲೂ ಜ್ವರ ಹಬ್ಬಿದ್ದಾಗ ಒಂದು ಬೆಳಿಗ್ಗೆ ನನಗೂ ಮೂಗು ಸೋರತೊಡಗಿತು. ನನ್ನ ವಾರ್ಡಿನಲ್ಲಿದ್ದವರು ರಕ್ತದ ಕ್ಯಾನ್ಸರಿನ ರೋಗಿಗಳು. ಸಣ್ಣ ಶೀತವನ್ನು ತಡೆಯುವ ಶಕ್ತಿಯೂ ಅವರ ಮೈಯಲ್ಲಿರಲಿಲ್ಲ. ನಾನು ಬಾಗಿಲಾಚೆಯೇ ನಿಂತು, “ಒಳಗೆ ಬರಲ್ಲ, ಮೇಡಂ,” ಎಂದೆ.

“ಇವತ್ತು ಬೇರೆ ಯಾರೂ ಇಲ್ಲಮ್ಮ. ಬಾಯಿಗೆ ಬಟ್ಟೆ ಕಟ್ಕೊಂಡು ಬಾ,” ಎಂದರು ನರ್ಸುಗಳ ಮೇಲ್ವಿಚಾರಕಿ ಮೇಟ್ರನ್.

“ಬರಲ್ಲ. ಬೇಕಾದ್ರೆ ಕೆಲ್ಸದಿಂದ ತೆಗೀರಿ.”

ಒಳಗಿದ್ದ ರೋಗಿಯೊಬ್ಬನ ತಾಯಿ, ಬೇತಮಂಗಲದವರು, ಅಲ್ಲಿಂದಲೇ ಕೂಗಿದರು: “ನೀನು ಮನೆಗೋಗಮ್ಮ! ನನ್ ಮಗನ್ನ ನಾನ್ ನೋಡ್ಕೋತೀನಿ.”

ಮೇಟ್ರನ್ ಸಿಟ್ಟಿನಿಂದ ನನಗೆ ಗೈರುಹಾಜರಿ ಹಾಕಿ, ಕೈ ತೊಳೆದುಕೊಂಡು ತಾವೇ ಕೆಲಸಕ್ಕಿಳಿದರು. ನಾನು ಮೂಗೊರೆಸಿಕೊಳ್ಳುತ್ತಾ, ತಲೆಯೆತ್ತಿಕೊಂಡೇ ಮನೆಗೆ ನಡೆದೆ.

ಆ ವಾರ್ಡಿನಲ್ಲಿ ಯಾರಿಗೂ ಜ್ವರ ಬರಲಿಲ್ಲ. ನಾನು ಮರಳಿದ ದಿನ ಮೇಟ್ರನ್ ಬಾಗಿಲಲ್ಲೇ ತಡೆದು, “ಶೀತ ಪೂರ್ತಿ ಹೋಗಿದ್ಯಾ?” ಎಂದು ಕೇಳಿಯೇ ಒಳಗೆ ಬಿಟ್ಟರು.