ಕೊನೆಯಲ್ಲಿ ನಡೆಯುವ ಬೇಲಿ ಟೆಗ್ವೆನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಾಳುಬಿದ್ದ ಮಠದ ಹಿಂದಿನ ಇಳಿಜಾರಿನಲ್ಲಿ ಟೆಗ್ವೆನ್ ಪ್ರೋಬರ್ಟ್ ಮಂಡಿಯೂರಿ ಕೂತು, ಕಾಲುದಾರಿಗೆ ಚಾಚಿದ ಮುಳ್ಳುಬಳ್ಳಿಗಳನ್ನು ಮಚ್ಚಿನಿಂದ ಸವರುತ್ತಿದ್ದಾರೆ. ಕೆಳಗೆ ಹಳ್ಳಿಯ ಸಭಾಭವನದಲ್ಲಿ ನಲವತ್ತು ಮಂದಿ ಯಾತ್ರಿಕರು ಗೊರಕೆ ಹೊಡೆಯುತ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಅವರೆದ್ದು, ಓಟ್ಸ್ ಗಂಜಿ ಕುಡಿದು, ಈ ಮಠದಿಂದ ಕಣಿವೆಯಾಚೆಯ ಪುರಾತನ ಚರ್ಚಿನವರೆಗೆ ನಡೆಯುತ್ತಾರೆ. ದಾರಿ ಎಷ್ಟು ಚೊಕ್ಕಟವಾಗಿದೆ ಎಂದು ಮೆಚ್ಚುತ್ತಾರೆ. ಚೊಕ್ಕಟ ಮಾಡಿದವರು ಯಾರು ಎಂದು ಒಬ್ಬರಾದರೂ ಕೇಳಬೇಕಲ್ಲ, ಊಹೂಂ!

"ಮುಳ್ಳಿಗೇನು ಗೊತ್ತು ಇವ್ರು ಪುಣ್ಯ ಮಾಡೋಕೆ ಹೊರಟವ್ರು ಅಂತ? ಎಲ್ರ ಕಾಲನ್ನೂ ಒಂದೇ ಥರ ಗೀರುತ್ತೆ," ಎನ್ನುತ್ತಾ ಟೆಗ್ವೆನ್ ಮಚ್ಚನ್ನು ಹುಲ್ಲಿಗೆ ಒರೆಸುತ್ತಾರೆ.

ಅರವತ್ತು ದಾಟಿದ ಇವರನ್ನು ವೇಲ್ಸ್‌ನ ಈ ಭಾಗದಲ್ಲಿ ಎಲ್ಲರೂ ಕರೆಯುವುದು ಬೇಲಿ ಟೆಗ್ವೆನ್ ಎಂದೇ. ಚಳಿಗಾಲದಲ್ಲಿ ಕುರಿಹೊಲಗಳ ಅಂಚಿನ ಗಿಡಗಳ ಕಾಂಡವನ್ನು ಅರೆ ಕಡಿದು, ಜೀವ ಹೋಗದಂತೆ ಬಗ್ಗಿಸಿ, ಒಂದರೊಳಗೊಂದು ಹೆಣೆದು ಜೀವಂತ ಬೇಲಿ ಕಟ್ಟುವುದು ಅವರ ಕಸುಬು. ಕಲಿಸಿದವರು ಅಪ್ಪ. ಅಪ್ಪ ತೀರಿಕೊಂಡ ಮೇಲೆ ಹೆಂಗಸಿಗೆ ಕೆಲಸ ಕೊಡಲು ರೈತರು ಮೂಗು ಮುರಿದರು. ಕೊಟ್ಟವರೂ ಗಂಡಸರಿಗಿಂತ ಕಡಿಮೆ ಕೂಲಿಯನ್ನೇ ಕೊಟ್ಟರು. ಆಮೇಲೆ ಟ್ರ್ಯಾಕ್ಟರಿಗೆ ಕಟ್ಟುವ ಕತ್ತರಿ ಯಂತ್ರ ಬಂದು ಅರ್ಧ ಕೆಲಸ ತಿಂದುಹಾಕಿತು. ಒಮ್ಮೆ ಮುಳ್ಳು ಆಳಕ್ಕೆ ಹೊಕ್ಕಿದ್ದರಿಂದ ಎಡಗೈ ಹೆಬ್ಬೆರಳಿಗೆ ಈಗ ಸ್ಪರ್ಶಜ್ಞಾನವೇ ಇಲ್ಲ.

ಸೆಪ್ಟೆಂಬರ್‌ ಯಾತ್ರೆಯ ವಾರ ಅವರಿಗೆ ಎರಡು ಕೆಲಸ. ಎರಡಕ್ಕೂ ಸಂಬಳವಿಲ್ಲ. ನಸುಕಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ದಾರಿ ಬಿಡಿಸಬೇಕು. ಆಮೇಲೆ ಹಿಂದಿರುಗಿ, ಎಲ್ಲರಿಗಿಂತ ಹಿಂದೆ ನಡೆಯಬೇಕು. ಕಾಲು ಉಳುಕಿದವರು, ಏದುಸಿರು ಬಿಡುವವರು, ಜಗಳವಾಡಿ ಮುನಿಸಿಕೊಂಡವರು ಎಲ್ಲ ಕೊನೆಗೆ ಬಂದು ಸೇರುವುದು ಇವರ ಪಾಲಿಗೇ. ಜೊತೆಗೆ ಗೇಟುಗಳು. ದಾರಿಯುದ್ದಕ್ಕೂ ಕುರಿಹೊಲ, ಹೊಲಕ್ಕೊಂದು ಗೇಟು. ಮೊದಲು ಹೋದವರು ತೆರೆಯುತ್ತಾರೆ. ಹಿಂದೆ ಜನ ಬರುತ್ತಿದ್ದಾರಲ್ಲ ಎಂದು ಪ್ರತಿಯೊಬ್ಬರೂ ಹಾಗೇ ಬಿಟ್ಟು ಹೋಗುತ್ತಾರೆ. ಕೊನೆಯವರು ಮುಚ್ಚಬೇಕು. ಕೊನೆಯವರೆಂದರೆ ಟೆಗ್ವೆನ್.

ಹೋದ ವರ್ಷ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಕ್ಯಾಡೋಗನ್ ಎಂಬ ಮುದುಕರ ಮಂಡಿ ಬಾತು, ಅವರೂ ಟೆಗ್ವೆನ್ನೂ ನಿಧಾನವಾಗಿ ಡಾಂಬರು ರಸ್ತೆಯ ತಿರುವಿಗೆ ಬರುವ ಹೊತ್ತಿಗೆ ಉಳಿದವರು ಇಡ್ವಲ್ ಎಂಬ ರೈತರ ಹೊಲ ಹೊಕ್ಕಾಗಿದೆ. ಯಾತ್ರೆಯ ಮುಖಂಡ ವಾಟ್ಕಿನ್ ಕಾರು ತಂದು ನಿಲ್ಲಿಸುತ್ತಾರೆ. ಚರ್ಚಿನ ಬಳಿ ಟಿ.ವಿ.ಯವರು ಬಂದು ಕೂತಿದ್ದಾರೆ.

"ಇಬ್ರೂ ಹತ್ತಿ, ಬೇಗ. ನಿಮ್ಮಿಂದ ಎಲ್ಲಾ ತಡ."

"ನಾನು ಬಂದ್ರೆ ಗೇಟು ಯಾರು ಹಾಕ್ತಾರೆ, ಮಿಸ್ಟರ್ ವಾಟ್ಕಿನ್?"

"ಯಾರಾದ್ರೂ ಹಾಕ್ತಾರೆ ಬಿಡಿ. ಹತ್ತಿ ಅಂದ್ನಲ್ಲ!"

ಯಾರೂ ಹಾಕಲಿಲ್ಲ. ಹಿಂದೆ ಟೆಗ್ವೆನ್ ಇದ್ದಾರೆಂದು ಮುಂದೆ ಹೋದವರೆಲ್ಲರೂ ನಂಬಿದ್ದರು. ಒಂದು ಹೊಲದಲ್ಲಿ ಇಡ್ವಲ್ ಪ್ರತ್ಯೇಕವಾಗಿ ಇಟ್ಟಿದ್ದ ಮೂರು ಟಗರುಗಳು ತೆರೆದ ಗೇಟು ದಾಟಿ ಪಕ್ಕದ ಹೊಲದ ಹೆಣ್ಣುಕುರಿಗಳ ನಡುವೆ ನುಗ್ಗಿದವು. ಇಲ್ಲಿ ನವೆಂಬರ್‌ಗೆ ಮುಂಚೆ ಟಗರು ಬಿಡುವುದಿಲ್ಲ. ಈಗಲೇ ಬಿಟ್ಟರೆ ಮರಿಗಳು ಹುಟ್ಟುವುದು ಫೆಬ್ರವರಿಯ ಹಿಮದಲ್ಲಿ.

ಸಂಜೆ ಚರ್ಚಿನ ಪಕ್ಕದ ಕೊಠಡಿಯಲ್ಲಿ ಎಲ್ಲರೂ ಕುರಿಮಾಂಸದ ಸಾರು ಕುಡಿಯುತ್ತಿರುವಾಗ ಇಡ್ವಲ್ ಕೆಸರು ಬೂಟಿನಲ್ಲೇ ಒಳಗೆ ಬಂದರು. "ಹಿಮದಲ್ಲಿ ಮರಿ ಕಾಯೋಕೆ ಬರ್ತೀರೇನ್ರೀ ನೀವು? ನಾಳೆಯಿಂದ ನನ್ ಗೇಟಿಗೆ ಬೀಗ. ಯಾತ್ರೆಗೀತ್ರೆ ಎಲ್ಲಾ ಲಾರಿ ಓಡಾಡೋ ರಸ್ತೆ ಮೇಲೆ ಮಾಡ್ಕೊಳಿ!"

ಆ ದಾರಿ ಸರಕಾರದ್ದಲ್ಲ, ಇಡ್ವಲ್ ಮನೆಯವರು ಬಿಟ್ಟುಕೊಟ್ಟದ್ದು. ಅದು ಮುಚ್ಚಿದರೆ ಕ್ಯಾಡೋಗನ್‌ರಂಥವರು ಮಠದಿಂದ ಚರ್ಚಿಗೆ ನಡೆಯುವ ಮಾತೇ ಇಲ್ಲ. ಆಗ ವಾಟ್ಕಿನ್ ಏನೆಂದರು ಗೊತ್ತೇ? "ಗೇಟು ಹಾಕೋದು ಟೆಗ್ವೆನ್ ಕೆಲ್ಸ. ಅವ್ರನ್ನೇ ಕೇಳಿ." ಎಂಥ ನಾಲಿಗೆ! ಎರಡು ತಾಸಿನ ಹಿಂದೆ ಕಾರಿಗೆ ಹತ್ತಿಸಿದ ಮನುಷ್ಯ, ಹೆಂಗಸಿನ ಮುಖಕ್ಕೆದುರಾಗಿಯೇ ತಪ್ಪನ್ನು ಅವರ ತಲೆಗೆ ಕಟ್ಟಿದ. ಉಳಿದವರು ಸಾರು ಕುಡಿಯುವುದನ್ನು ಮುಂದುವರಿಸಿದರು.

ಬಾಯಿ ಬಿಟ್ಟವರು ಕ್ಯಾಡೋಗನ್ ಒಬ್ಬರೇ. "ಅವ್ಳು ನನ್ ಪಕ್ಕದಲ್ಲೇ ಕಾರಲ್ಲಿ ಇದ್ಲು. ಕೂರ್ಸಿದ್ದು ನೀನು. ಇಷ್ಟು ಬೇಗ ಮರ್ತೋಯ್ತೇನಪ್ಪಾ?"

ಟೆಗ್ವೆನ್ ಚಮಚ ಕೆಳಗಿಟ್ಟರು. "ಬೀಗ ಹಾಕು ಇಡ್ವಲ್, ಬೇಡ ಅನ್ನಲ್ಲ. ಗೇಟಿರೋ ಕಂಡಿಗೆ ಬೇಲೀನೂ ನಾನೇ ಹೆಣೆದು ಕೊಡ್ತೀನಿ. ಆದ್ರೆ ಮೊದ್ಲು ಇವ್ರನ್ನ ಹೊಲಕ್ಕೆ ಕರ್ಕೊಂಡ್ ಹೋಗು. ಟಗರು ಬಿಟ್ಟವ್ರೇ ಹಿಡೀಲಿ." ಆಮೇಲೆ ಕೊಠಡಿಯ ಕಡೆ ತಿರುಗಿ, "ಏಳಿ! ಸಾರು ಆರಿದ್ರೆ ಆರ್ಲಿ!" ಎಂದು ಗದರಿದರು.

ಎದ್ದರು. ಕತ್ತಲಾಗುವ ಮುಂಚೆ ನಲವತ್ತು ಜನ ಕೈಕೈ ಹಿಡಿದು ಬೇಲಿಯ ಮೂಲೆಗೆ ಟಗರುಗಳನ್ನು ಒತ್ತರಿಸಿದರು. ಮೂರನೆಯದು ವಾಟ್ಕಿನ್‌ರನ್ನು ಕೆಸರಿನಲ್ಲಿ ದರದರ ಎಳೆದುಕೊಂಡು ಹೋಯಿತು. ಟಿ.ವಿ.ಯವರು ಆಗಲೇ ಹೊರಟುಹೋಗಿದ್ದರು ಎಂಬುದೊಂದೇ ಬೇಸರ. ಗೇಟು ಮುಚ್ಚಿ ಇಡ್ವಲ್ ಹೇಳಿದ್ದು ಇಷ್ಟೇ: "ದಾರಿ ಇರ್ಲಿ. ಟೆಗ್ವೆನ್ ಕೊನೇಲಿ ನಡೀತಾಳೆ ಅಂದ್ರೆ ಮಾತ್ರ. ಇನ್ನೊಂದ್ಸಲ ಇವ್ಳನ್ನ ಕಾರಿಗೆ ಹತ್ಸಿದ್ರೋ, ಅವತ್ತೇ ಬೀಗ."

ಆದರೂ ಕೆಲವು ಕುರಿಗಳು ಹಿಮದಲ್ಲೇ ಈದವು. ಬದುಕಿದ ಮರಿಗಳನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಮುಂದೆ ಕಾಯಲು ಹೋದದ್ದು ಟೆಗ್ವೆನ್. ಯಾತ್ರೆ ನಡೆಸುವ ಸಮಿತಿಯಿಂದ ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ. ಈ ವರ್ಷವೂ ಯಾತ್ರೆಯ ಕರಪತ್ರದಲ್ಲಿ ವಾಟ್ಕಿನ್ ಫೋಟೊ ಇದೆ, ಅಡುಗೆಯವರ ಹೆಸರಿದೆ. ಟೆಗ್ವೆನ್ ಹೆಸರಿಲ್ಲ. ಕ್ಷಮೆಯನ್ನಂತೂ ಯಾರೂ ಕೇಳಿಲ್ಲ.

ಬಿಸಿಲು ಮಠದ ಮುರುಕು ಕಮಾನಿಗೆ ತಾಗಿದೆ. ಮುಳ್ಳು ಸವರಿ ಮುಗಿಯಿತು. ಸಮಿತಿಯಿಂದ ಏನಾದರೂ ಬೇಕೇ ಎಂದು ಕೇಳಿದರೆ ಟೆಗ್ವೆನ್ ಮೊದಲು ನಗುತ್ತಾರೆ, ಆಮೇಲೆ ನಗುವುದಿಲ್ಲ.

"ಹೆಸ್ರು ಗಿಸ್ರು ಬೇಡ. ಚರ್ಚಲ್ಲಿ ಇವ್ರು ಹಾಡೋ ಹಾಡಿನ ಕೊನೇ ಸಾಲಷ್ಟೇ ನಂಗೆ ಗೊತ್ತಿತ್ತು. ನಾನು ಮುಟ್ಟೋ ಹೊತ್ತಿಗೆ ಅದೇ ಉಳ್ದಿರೋದು. ಹೋದ ವರ್ಷ ಕಾರಲ್ಲಿ ಬೇಗ ಹೋದ್ನಲ್ಲ, ಅವತ್ತೇ ಮೊದಲ ಸಾಲು ಕೇಳಿದ್ದು. 'ನಾವೆಲ್ಲರೂ ಬಂದೆವು' ಅಂತೆ. ಇಷ್ಟು ವರ್ಷ ಇಬ್ಬರು ಮೂವರು ಇನ್ನೂ ಗುಡ್ಡದ ಮೇಲಿರುವಾಗ್ಲೇ ಹಾಡ್ತಿದ್ರಾ ಅದನ್ನ? ಎಲ್ಲರೂ ಬಂದಮೇಲೆ ಹಾಡ್ಲಿ. ಅಷ್ಟೇ."