ಅಮ್ಮನ ತಿಂಗಳ ಬಡ್ಡಿ

ಹೇರೋಹಳ್ಳಿಯಲ್ಲಿ ಅಮ್ಮನ ತವರಿನವರಿಗೆ ಉಳಿದಿದ್ದ ಕೊನೆಯ ತುಂಡು ಜಮೀನು ಸೈಟುಗಳಾಗಿ ಮಾರಾಟವಾದಾಗ, ಅಮ್ಮ ಬಾಯಿಬಿಟ್ಟು ಕೇಳುವ ಮೊದಲೇ ನನ್ನ ಸೋದರಮಾವಂದಿರು ಅವಳ ಪಾಲನ್ನು ಕೊಟ್ಟುಬಿಟ್ಟರು. ಅಮ್ಮನಿಗೆ ಆಗ ಅರವತ್ತು ದಾಟಿತ್ತು. ಅಷ್ಟು ಹಣ ಅವಳ ಹೆಸರಿನಲ್ಲಿ ಅದುವರೆಗೆ ಎಂದೂ ಇದ್ದದ್ದಿಲ್ಲ. ಅಪ್ಪ ಹೈಸ್ಕೂಲಿನ ಗಣಿತದ ಮೇಷ್ಟರಾಗಿ ನಿವೃತ್ತರಾದವರು. ಬಸವೇಶ್ವರನಗರದಲ್ಲಿ ಮನೆ ಕಟ್ಟಿದ್ದು, ಹಿಂದಿನ ಪೋರ್ಷನ್ ಬಾಡಿಗೆಗೆ ಕೊಟ್ಟದ್ದು, ನನ್ನ ಮದುವೆ ಮಾಡಿದ್ದು, ಎಲ್ಲದರ ಲೆಕ್ಕವೂ ಅವರದೇ. ಹಾಗಾಗಿ ಈ ಹಣವನ್ನು ಎಫ್‌ಡಿ ಇಡುವ ಮಾತು ಬಂದಾಗ ಅದನ್ನೂ ಅವರೇ ತೀರ್ಮಾನಿಸುತ್ತಾರೆ ಎಂದು ಎಲ್ಲರೂ ಅಂದುಕೊಂಡೆವು.

ಅಪ್ಪನ ವಾದ ಸರಳವಾಗಿತ್ತು. ಬಡ್ಡಿಯನ್ನು ವರ್ಷಕ್ಕೊಮ್ಮೆ ತೆಗೆದುಕೊಂಡರೆ ಅಷ್ಟು ಕಾಲ ಅದು ಅಲ್ಲೇ ಇದ್ದು ಬೆಳೆಯುತ್ತದೆ. ತಿಂಗಳಿಗೊಮ್ಮೆ ತೆಗೆದುಕೊಂಡರೆ ಬ್ಯಾಂಕಿನವರು ಸ್ವಲ್ಪ ಕಡಿಮೆ ಕೊಡುತ್ತಾರೆ, ಬಂದದ್ದೂ ಕೈಯಲ್ಲಿ ನಿಲ್ಲುವುದಿಲ್ಲ. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವಳು. ಅಪ್ಪ ಹೇಳುತ್ತಿರುವುದು ಸರಿ ಎಂದೆ. ಅಮ್ಮ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು.

ಬ್ಯಾಂಕಿಗೆ ಹೋಗುವ ದಿನ ನಾನು ರಜೆ ಹಾಕಿ ಮಹಾಲಕ್ಷ್ಮಿ ಲೇಔಟಿನ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಬಂದೆ. ಮೂವರೂ ಹೋಗಿ ಕೂತೆವು. ಎದುರಿಗಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ.

"ಇಂಟರೆಸ್ಟ್ ಮಂತ್ಲಿ ಬೇಕಾಮ್ಮಾ, ಇಯರ್ಲಿ ಬೇಕಾ?"

"ಇಯರ್ಲಿನೇ ಹಾಕಿ ಮೇಡಂ" ಎಂದರು ಅಪ್ಪ.

"ಬೇಡ. ತಿಂಗಳು ತಿಂಗಳು ಬರೋ ಹಾಗೆ ಮಾಡಿ" ಎಂದಳು ಅಮ್ಮ.

ಅಪ್ಪ ಅವಳ ಕಡೆ ತಿರುಗಿದರು. "ಅದ್ರಲ್ಲಿ ಕಮ್ಮಿ ಬರುತ್ತೆ ಕಣೇ. ನಿನ್ನೆ ಎಲ್ಲಾ ಬಿಡಿಸಿ ಹೇಳಿದ್ನಲ್ಲ."

"ಕೇಳಿಸ್ಕೊಂಡೆ ಕಣ್ರೀ. ಕಮ್ಮಿನೇ ಬರ್ಲಿ."

ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಮಾತ್ರ ನೆಮ್ಮದಿಯಾಗಿ, ಬಡ್ಡಿ ಯಾವ ತಾರೀಖಿಗೆ ಬರುತ್ತದೆ ಎಂದು ವಿಚಾರಿಸುತ್ತಿದ್ದಳು. ಇವತ್ತು ಇಟ್ಟರೆ ಪ್ರತಿ ತಿಂಗಳು ಇದೇ ತಾರೀಖಿಗೆ ಎಂದು ಉತ್ತರ ಬಂತು.

"ಒಂದನೇ ತಾರೀಖು ಬರ್ಬೇಕು ಅಂದ್ರೆ?"

"ಹಾಗಾದ್ರೆ ಒಂದನೇ ತಾರೀಖೇ ಬಂದು ಇಡ್ಬೇಕಾಗುತ್ತಮ್ಮಾ."

"ಸರಿ, ಒಂದಕ್ಕೆ ಬರ್ತೀವಿ" ಎಂದು ಅಮ್ಮ ಚೀಲ ತೆಗೆದುಕೊಂಡು ಎದ್ದೇಬಿಟ್ಟಳು. ಅಪ್ಪನ ಸಂಬಳ ಬರುತ್ತಿದ್ದುದು ಒಂದನೇ ತಾರೀಖಿಗೆ. ಆ ದಿನಕ್ಕೆ ಮನೆಯಲ್ಲಿದ್ದ ಕಳೆ ಏನೆಂದು ಅವಳಿಗೆ ಗೊತ್ತಿತ್ತು. ಮುಂದಿನ ತಿಂಗಳ ಒಂದನೇ ತಾರೀಖು ಇಬ್ಬರೂ ಹೋಗಿ ಹಣ ಇಟ್ಟು ಬಂದರು.

ಮೊದಲ ಬಡ್ಡಿ ಬಂದ ವಾರ ಅಮ್ಮ ಫೋನ್ ಮಾಡಿದಳು. "ರಾತ್ರಿ ಅಡುಗೆಗೆ ಒಬ್ರನ್ನ ಇಟ್ಕೊಂಡಿದೀನಿ ಕಣೇ. ಸಂಜೆನೇ ಬಂದು ಮಾಡಿಟ್ಟು ಹೋಗ್ತಾರೆ."

ಅವಳಿಗೆ ಹುಷಾರಿಲ್ಲವೇನೋ ಎಂದು ನನಗೆ ಗಾಬರಿಯಾಯಿತು. "ನನಗೇನಾಗಿದೆ, ಚೆನ್ನಾಗೇ ಇದೀನಿ. ಸಂಜೆ ಹೊತ್ತು ನನಗೆ ಬೇಕು, ಅಷ್ಟೇ" ಎಂದಳು.

ಅಪ್ಪನಿಗೆ ಅದು ಹಿಡಿಸಲಿಲ್ಲ. ಹೊಸಬರ ಸಾರಿನಲ್ಲಿ ಉಪ್ಪು ಕಮ್ಮಿ, ಬೇಳೆ ಬೆಂದಿಲ್ಲ, ಮುದ್ದೆಯಲ್ಲಿ ಗಂಟು. ಅಮ್ಮ ಪಕ್ಕದಲ್ಲೇ ಕೂತು ಊಟ ಮಾಡುತ್ತ, "ನಾಳೆ ಬಂದಾಗ ಅವರಿಗೇ ಹೇಳಿ. ನಾನು ಮಾಡಿದ್ದಲ್ಲವಲ್ಲ" ಎನ್ನುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ಅವಳು ಅಪ್ಪನ ಜೊತೆಗೇ ತಟ್ಟೆ ಹಾಕಿಕೊಂಡು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಈಗ ಮಾತಾಡುತ್ತ, ನಿಧಾನವಾಗಿ ಉಣ್ಣುತ್ತಿದ್ದಳು.

ಸಂಜೆ ಹೊತ್ತು ಯಾಕೆ ಬೇಕಿತ್ತು ಎನ್ನುವುದು ಆಮೇಲೆ ತಿಳಿಯಿತು. ಒಂದು ಭಾನುವಾರ, "ರಾಜಾಜಿನಗರಕ್ಕೆ ಕರ್ಕೊಂಡು ಹೋಗು, ಈಜೋ ಬಟ್ಟೆ ತಗೋಬೇಕು" ಎಂದಳು. ಅಂಗಡಿಯವರು, "ಮಗುಗೆ ಎಷ್ಟು ವಯಸ್ಸು ಮೇಡಂ?" ಎಂದು ನನ್ನನ್ನು ಕೇಳಿದರು. "ನನಗೇ ಕಣಪ್ಪಾ. ತೋಳು, ಕಾಲು ಪೂರ್ತಿ ಮುಚ್ಚೋದು ಕೊಡಿ" ಎಂದಳು ಅಮ್ಮ. ಅವರು ಒಳಗಿಂದ ತಂದು ಕೊಟ್ಟರು.

ಅಮ್ಮನಿಗೆ ಈಜು ಬರುತ್ತದೆ ಎನ್ನುವುದು ನನಗೆ ಆ ದಿನ ಗೊತ್ತಾಯಿತು. ಹೇರೋಹಳ್ಳಿಯ ತೋಟದ ಬಾವಿಯಲ್ಲಿ ಅವಳ ಅಣ್ಣಂದಿರು ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಅವಳನ್ನು ನೀರಿಗೆ ಬಿಡುತ್ತಿದ್ದರಂತೆ. ಸ್ವಲ್ಪ ದಿನಕ್ಕೆ ಬುರುಡೆ ಬೇಡವಾಯಿತು. ದೊಡ್ಡವಳಾದ ಮೇಲೆ ಬಾವಿಯ ಹತ್ತಿರ ಸುಳಿಯಬೇಡ ಎಂದರು. ಅಲ್ಲಿಗೆ ಮುಗಿಯಿತು. ಬಾವಿಯನ್ನೂ ಯಾವಾಗಲೋ ಮುಚ್ಚಿದರು.

ಮನೆಗೆ ಹತ್ತಿರದ ಈಜುಕೊಳದಲ್ಲಿ ಸಂಜೆ ಹೆಂಗಸರ ಬ್ಯಾಚ್ ಇತ್ತು. ಮೊದಲ ದಿನ ನಾನೂ ಹೋಗಿದ್ದೆ. ಕಲಿಸುವ ಹುಡುಗಿ, "ಆಂಟಿ, ಈ ಕಡೆ ಇಳೀರಿ, ಆಳ ಇಲ್ಲ" ಎಂದಳು. "ನೆಲ ಸಿಗೋ ನೀರಲ್ಲಿ ನನಗೆ ಈಜು ಬರಲ್ಲಮ್ಮಾ" ಎಂದಳು ಅಮ್ಮ. ಆದರೂ ಆ ಹುಡುಗಿ ಹೇಳಿದ ಕಡೆಯೇ ಇಳಿದಳು. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಏದುಸಿರು ಬಂದು, ಪಕ್ಕದ ಕಂಬಿ ಹಿಡಿದು ನಿಂತುಬಿಟ್ಟಳು. ಮುಖ ಕೆಂಪಾಗಿತ್ತು. ಇನ್ನು ಸಾಕು ಎನ್ನುತ್ತಾಳೆ ಎಂದುಕೊಂಡು ನಾನು ಟವೆಲ್ ಹಿಡಿದು ಹತ್ತಿರ ಹೋದೆ. ಅವಳು ನನ್ನ ಕಡೆ ನೋಡದೆ ಮತ್ತೆ ಹೊರಟಳು.

ಮಾರನೆಯ ದಿನವೂ ಹೋದಳು, ಅದರ ಮಾರನೆಯ ದಿನವೂ. ಬಾವಿಯಲ್ಲಿ ಕಲಿತದ್ದು ತಲೆ ಮೇಲಕ್ಕೆತ್ತಿಕೊಂಡು ಈಜುವುದು. ಇಲ್ಲಿ ಮುಖ ನೀರಿಗಿಟ್ಟು, ಉಸಿರು ಬಿಟ್ಟು, ಪಕ್ಕಕ್ಕೆ ತಿರುಗಿ ಎಳೆದುಕೊಳ್ಳಬೇಕು. ಮೊಮ್ಮಗಳ ವಯಸ್ಸಿನ ಹುಡುಗಿಯ ಕೈಲಿ ಹೇಳಿಸಿಕೊಂಡು, ಮೂಗಿಗೆ ನೀರು ಹೋಗಿ ಕೆಮ್ಮುತ್ತ, ಅದನ್ನೂ ಕಲಿತಳು. ಮಳೆಗಾಲ ಮುಗಿಯುವ ಹೊತ್ತಿಗೆ ಈ ತುದಿಯಿಂದ ಆ ತುದಿಗೆ ಎಲ್ಲೂ ನಿಲ್ಲದೆ ಹೋಗುತ್ತಿದ್ದಳು. ಅವಳು ಹಾಗೆ ಹೋಗುವುದನ್ನು ಮೊದಲ ಸಲ ನೋಡಿದಾಗ ಇವಳು ಯಾರೋ ಎನಿಸಿತು ನನಗೆ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಯಾರನ್ನೋ ನೋಡುತ್ತಿದ್ದೇನೆ ಅನಿಸಿತು.

"ಈ ವಯಸ್ಸಿಗೆ ಜಾರಿ ಗೀರಿ ಬಿದ್ರೆ" ಎಂದು ಶುರುವಿನಲ್ಲಿ ಗೊಣಗಿದ್ದ ಅಪ್ಪ, ಯಾರೂ ಹೇಳದೆ, ಸಂಜೆ ವಾಕಿಂಗ್ ಮುಗಿಸಿ ಕೊಳದ ಗೇಟಿನ ಹತ್ತಿರ ಕಾಯತೊಡಗಿದರು. ಬೀದಿಯವರು ಯಾರಾದರೂ ಅಮ್ಮನನ್ನು ವಿಚಾರಿಸಿದರೆ, "ಸ್ವಿಮ್ಮಿಂಗಿಗೆ ಹೋಗಿದಾಳೆ" ಎನ್ನುತ್ತಾರೆ. ಫಸ್ಟ್ ಕ್ಲಾಸ್ ಬಂದ ಹುಡುಗರ ಬಗ್ಗೆ ಮಾತಾಡುವಾಗಿನ ಅವರ ದನಿ ಅದು.

ತಿಂಗಳ ಬಡ್ಡಿಯೇ ಯಾಕೆ ಬೇಕಿತ್ತು ಎಂದು ಒಂದು ದಿನ ಅಮ್ಮನನ್ನು ಕೇಳಿದೆ. ತಲೆ ಒರೆಸಿಕೊಳ್ಳುತ್ತ ಹೇಳಿದಳು:

"ವರ್ಷಕ್ಕೊಂದ್ಸಲ ಬಂದ್ರೆ ಅದು ದೊಡ್ಡ ದುಡ್ಡಾಗುತ್ತೆ ಕಣೇ. ದೊಡ್ಡ ದುಡ್ಡಿಗೆ ಮನೇಲಿ ದೊಡ್ಡ ಖರ್ಚು ಕಾಯ್ತಾನೇ ಇರುತ್ತೆ. ಸಂಪು ಸೋರ್ತಿದೆ, ಪೇಂಟು ಹೋಗಿದೆ, ನಿನ್ನ ಮಗನ ಫೀಸು. ನಾನೇ ಎತ್ತಿ ಕೊಟ್ಟುಬಿಡ್ತೀನಿ, ಯಾರೂ ಕೇಳೋದೇ ಬೇಡ. ಇದಾದ್ರೆ ಚಿಕ್ಕದು. ಚಿಕ್ಕದಾಗಿರೋದಕ್ಕೇ ನನ್ನ ಹತ್ರ ಉಳಿಯುತ್ತೆ."

ಅಪ್ಪನ ಲೆಕ್ಕ ತಪ್ಪಿರಲಿಲ್ಲ. ಅಮ್ಮನಿಗೂ ಅದು ಸರಿಯೆಂದೇ ಗೊತ್ತಿತ್ತು. ಅವಳು ತನ್ನ ಸ್ವಭಾವವನ್ನೂ ಲೆಕ್ಕಕ್ಕೆ ಹಿಡಿದಿದ್ದಳು. ತನ್ನ ಧಾರಾಳದಿಂದ ತನ್ನನ್ನು ಕಾಪಾಡಿಕೊಳ್ಳಬೇಕೆಂದು ಅಷ್ಟು ಮೊದಲೇ ಯೋಚಿಸಿ, ಯಾರ ಮೇಲೂ ದೂರಿಲ್ಲದೆ ಅದಕ್ಕೊಂದು ದಾರಿ ಮಾಡಿಕೊಂಡಿದ್ದಳು. ಅವಳ ಬಗ್ಗೆ ನನಗಿದ್ದ ಪ್ರೀತಿ ಹಳೆಯದು. ಬೆರಗು ಶುರುವಾದದ್ದು ಅಂದಿನಿಂದ.

ಈ ಬೇಸಿಗೆಯಲ್ಲಿ ಅವಳು ನನ್ನನ್ನೂ ಕೊಳಕ್ಕೆ ಇಳಿಸಿದಳು. ನನಗೆ ನೀರೆಂದರೆ ಭಯ. "ಫೀಸು ನಾನು ಕಟ್ತೀನಿ, ಸುಮ್ನೆ ಬಾ" ಎಂದು ಕರೆದುಕೊಂಡು ಹೋದಳು. ಎದೆಮಟ್ಟದ ನೀರಿನಲ್ಲಿ ನನ್ನನ್ನು ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ಒಂದು ಕೈ ಕೊಟ್ಟು ನಿಲ್ಲುತ್ತಾಳೆ.

"ಕಾಲು ಹೊಡಿ. ನಾನು ಹಿಡ್ಕೊಂಡಿದೀನಿ, ಹೊಡಿ."

ನಾನು ಕಾಲು ಹೊಡೆಯುತ್ತೇನೆ. ಮೊನ್ನೆ ಅರ್ಧ ಕೊಳ ದಾಟಿದೆ.